ಕೌಂಟ್ ಎಷ್ಟು ಅಂತ ಕೇಳುವ ಮುನ್ನ...

ಎರಡು ರಿಪೋರ್ಟ್ ಇವೆ ಅಂದ್ಕೊಳ್ಳಿ. ಒಂದರಲ್ಲಿ ಬಿಳಿ ರಕ್ತಕಣಗಳ ಕೌಂಟ್ 14,000. ಇನ್ನೊಂದರಲ್ಲಿ 4,200. ಇಬ್ಬರಲ್ಲಿ ಅಪಾಯದಲ್ಲಿರೋರು ಯಾರು? ಥಟ್ ಅಂತ ಉತ್ತರ ಬರುತ್ತೆ, ಮೊದಲನೆಯವರು ಅಂತ. ಯಾಕಂದ್ರೆ 14,000ದ ಪಕ್ಕದಲ್ಲಿ ಲ್ಯಾಬ್‌ನವರು ದಪ್ಪಕ್ಷರದಲ್ಲಿ 'ಹೈ' ಅಂತ ಹಾಕಿರ್ತಾರೆ. 4,200ರ ಪಕ್ಕದಲ್ಲಿ ಏನೂ ಇರಲ್ಲ. ಆದರೆ ಆ 14,000ದ ಮನುಷ್ಯ ಆಸ್ತಮಾಕ್ಕೆ ಸ್ಟೀರಾಯ್ಡ್ ಮಾತ್ರೆ ತಗೊಳ್ತಾ, ಬೆಳಗ್ಗೆ ಆರಾಮಾಗಿ ಇಡ್ಲಿ ತಿಂದು ಆಫೀಸಿಗೆ ಹೋದವರಾಗಿರಬಹುದು. ಆ 4,200ರ ಮನುಷ್ಯ ಅವತ್ತು ರಾತ್ರಿಯೇ ಆಸ್ಪತ್ರೆ ಸೇರಬೇಕಾದವರಾಗಿರಬಹುದು. ಅದು ಹೇಗೆ ಅನ್ನೋದೇ ಇವತ್ತಿನ ವಿಷಯ.

ಈ ಮಾತು ಯಾರಿಗೆ ಅಂದ್ರೆ, ಕಾಯಿಲೆಯನ್ನು ಮನೆಯ ಸದಸ್ಯನ ಥರ ಇಟ್ಕೊಂಡು ಬದುಕ್ತಾ ಇರೋರಿಗೆ. ಸಂಧಿವಾತ, ಲೂಪಸ್, ಥೈರಾಯ್ಡ್, ಲಿವರ್ ಕಾಯಿಲೆ, ಕಿಡ್ನಿ ಕಾಯಿಲೆ, ಕ್ಯಾನ್ಸರ್. ಇವರಿಗೆಲ್ಲ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ 'ಟಿಸಿ-ಡಿಸಿ' ಮಾಡಿಸೋದು ಕರೆಂಟ್ ಬಿಲ್ ಕಟ್ಟಿದಷ್ಟೇ ಮಾಮೂಲು. ಸಂಜೆ ವಾಟ್ಸಾಪಿಗೆ ಪಿಡಿಎಫ್ ಬರುತ್ತೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಇರೋದು ನಾಡಿದ್ದು. ಆ ಎರಡು ರಾತ್ರಿ ಮನೆಯಲ್ಲಿ ಯಾರೂ ನಿದ್ದೆ ಮಾಡಲ್ಲ. 'ನಮ್ಮಮ್ಮನ ಕೌಂಟ್ 3,400, ಏನಾಗುತ್ತೆ ಸಾರ್?' ಅಂತ ನನಗೆ ಮೆಸೇಜ್ ಮಾಡೋ ವೀಕ್ಷಕರಿದ್ದಾರೆ. ನಾನು ಡಾಕ್ಟರ್ ಅಲ್ಲ, ಎಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ಚಿಕಿತ್ಸೆ ಹೇಳೋ ಹಕ್ಕು ನನಗಿಲ್ಲ. ಆದರೆ ಒಂದು ಸಂಖ್ಯೆಯನ್ನು ಹೇಗೆ ಓದಬೇಕು ಅನ್ನೋದು ನಾನು ಓದಿದ ವಿದ್ಯೆಗೂ ಸೇರಿದ್ದು, ಮಾಡ್ತಿರೋ ಕೆಲಸಕ್ಕೂ ಸೇರಿದ್ದು.

ಪ್ರತಿ ಮಳೆಗಾಲದಲ್ಲೂ ಸ್ಟುಡಿಯೋದಲ್ಲಿ ಕೂತು ಕೆಆರ್‌ಎಸ್ ನೀರಿನ ಮಟ್ಟ ಓದ್ತೀನಿ. ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ 98 ಅಡಿ ಅಂತ ಓದಿದ ತಕ್ಷಣ ಮಂಡ್ಯದ ರೈತ ಟಿವಿ ಆಫ್ ಮಾಡಲ್ಲ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ನಿನ್ನೆ ಎಷ್ಟಿತ್ತು, ಹೋದ ವರ್ಷ ಇದೇ ದಿನ ಎಷ್ಟಿತ್ತು, ಎಲ್ಲ ಕೇಳಿಸಿಕೊಂಡ ಮೇಲೇ ಒಂದು ತೀರ್ಮಾನಕ್ಕೆ ಬರೋದು. ನೀರಿನ ವಿಷಯದಲ್ಲಿ ಇಷ್ಟು ಜಾಣರಾದ ನಾವು ರಕ್ತದ ವಿಷಯದಲ್ಲಿ ಮಾತ್ರ ಒಂದೇ ಒಂದು ಅಂಕಿ ಹಿಡ್ಕೊಂಡು ಎದೆ ಬಡ್ಕೊಳ್ತೀವಿ.

ಅದೇ ಲೆಕ್ಕವನ್ನು ದೇಹಕ್ಕೆ ಹಾಕಿ ನೋಡಿ. ನಮ್ಮ ಮೂಳೆಗಳ ಒಳಗಿರೋ ಮಜ್ಜೆ ಒಂದು ಅಣೆಕಟ್ಟು. ರಕ್ತನಾಳಗಳು ಅದರ ನಾಲೆ. ಲ್ಯಾಬ್‌ನವರು ತೋಳಿನಿಂದ ತೆಗೆಯೋ ರಕ್ತ, ನಾಲೆಯಿಂದ ಮೊಗೆದ ಒಂದು ಚೊಂಬು ನೀರು. ಬಿಳಿ ರಕ್ತಕಣಗಳಲ್ಲಿ ಐದು ಮುಖ್ಯ ಜಾತಿ: ನ್ಯೂಟ್ರೋಫಿಲ್, ಲಿಂಫೋಸೈಟ್, ಮೊನೊಸೈಟ್, ಇಸಿನೋಫಿಲ್, ಬೇಸೋಫಿಲ್. ಬ್ಯಾಕ್ಟೀರಿಯಾ ನುಗ್ಗಿದ ಕೂಡಲೇ ಮೊದಲು ಓಡೋದು ನ್ಯೂಟ್ರೋಫಿಲ್. ಆರೋಗ್ಯವಂತ ದೊಡ್ಡವರ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಅವು ರಕ್ತದಲ್ಲಿ ಇರೋದು ಕೆಲವೇ ಗಂಟೆ. ಆಮೇಲೆ ಅಂಗಾಂಶಗಳಿಗೆ ಇಳಿದು, ಕೆಲಸ ಮಾಡಿ ಸಾಯುತ್ತವೆ. ಅಂದ್ರೆ ಈ ನಾಲೆಗೆ ನೀರು ದಿನಾ ಹೊಸದಾಗಿ ಬರ್ತಾನೇ ಇರಬೇಕು. ಅಣೆಕಟ್ಟಿನ ಬಾಗಿಲು ಮುಚ್ಚಿದರೆ ಕೆಲವೇ ದಿನಗಳಲ್ಲಿ ನಾಲೆ ಒಣಗುತ್ತೆ.

ಇದನ್ನು ಎಣಿಸೋದು ಹೇಗೆ? ಮೊದಲು ಗಾಜಿನ ಮೇಲೆ ಚೌಕುಳಿ ಗೀರಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಒಂದೊಂದಾಗಿ ಎಣಿಸ್ತಿದ್ದರು. ಆಮೇಲೆ ಎಲೆಕ್ಟ್ರಾನಿಕ್ಸ್ ಹುಚ್ಚಿನ ಅಮೆರಿಕನ್ ಒಬ್ಬ ಬಂದ, ವ್ಯಾಲೇಸ್ ಕೋಲ್ಟರ್. ಉಪ್ಪುನೀರಿನಲ್ಲಿ ಕರೆಂಟ್ ಹರಿಸಿ, ಒಂದು ಸಣ್ಣ ತೂತಿನ ಮೂಲಕ ಕಣಗಳನ್ನು ಸಾಲಾಗಿ ದಾಟಿಸಿದರೆ, ಒಂದೊಂದು ಕಣ ದಾಟಿದಾಗಲೂ ವಿದ್ಯುತ್ ರೋಧ ಒಂದು ಕ್ಷಣ ಏರಿ ಇಳಿಯುತ್ತೆ. ಆ ಏರಿಳಿತ ಎಣಿಸಿದರೆ ಕಣ ಎಣಿಸಿದ ಹಾಗೆ. 1953ರಲ್ಲಿ ಆತನಿಗೆ ಪೇಟೆಂಟ್ ಸಿಕ್ಕಿತು. ಇವತ್ತು ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲೂ ಕೆಲವೇ ನಿಮಿಷದಲ್ಲಿ ಕೌಂಟ್ ಬರೋದಕ್ಕೆ ಮೂಲ ಆ ತೂತು. ಆದರೆ ಯಂತ್ರ ಎಣಿಸೋದರಲ್ಲಿ ಎಷ್ಟು ಜೋರೋ, ಗುರುತಿಸೋದರಲ್ಲಿ ಕೆಲವೊಮ್ಮೆ ಅಷ್ಟೇ ಎಡವುತ್ತೆ. ಅದಕ್ಕೇ ಕೌಂಟ್ ವಿಚಿತ್ರವಾಗಿ ಬಂದಾಗ ಡಾಕ್ಟರ್ 'ಸ್ಮಿಯರ್ ಮಾಡಿಸಿ' ಅಂತಾರೆ. ಯಂತ್ರದ ಮಾತು ನಂಬೋ ಮೊದಲು, ಒಬ್ಬ ಪರಿಣತ ಕಣ್ಣಾರೆ ನೋಡಲಿ ಅಂತ.

ಈಗ ವಿಷಯಕ್ಕೆ ಬರೋಣ. ನಾರ್ಮಲ್ ಅಂದ್ರೆ ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000. ಈ ಗಡಿಯನ್ನು ಯಾರು ಹಾಕಿದರು? ಆರೋಗ್ಯವಂತರ ರಕ್ತ ಪರೀಕ್ಷಿಸಿ, ಅವರಲ್ಲಿ ನೂರಕ್ಕೆ 95 ಮಂದಿಯ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಬರುತ್ತೋ ಅದನ್ನೇ ಗಡಿ ಅಂತಾರೆ. ಅಂದ್ರೆ ಆರೋಗ್ಯವಾಗಿರೋ ನೂರು ಜನರಲ್ಲೇ ಐದು ಜನ ಗಡಿಯಿಂದ ಆಚೆ ಇರ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳ ಒಂದು ಪ್ಯಾಕೇಜ್ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ 'ಅಬ್‌ನಾರ್ಮಲ್' ಬರುವ ಸಾಧ್ಯತೆ ನೂರಕ್ಕೆ 64. ಕ್ಯಾಲ್ಕ್ಯುಲೇಟರ್ ತಗೊಂಡು ನೀವೇ ಲೆಕ್ಕ ಹಾಕಿ, 0.95ನ್ನು ಇಪ್ಪತ್ತು ಸಲ ಗುಣಿಸಿ ಒಂದರಿಂದ ಕಳೆಯಿರಿ. ಗಡಿ ದಾಟಿದ ಅಂಕಿ ಒಂದು ಪ್ರಶ್ನೆಯನ್ನು ಎತ್ತುತ್ತೆ, ಉತ್ತರ ಅದರಲ್ಲಿ ಇರಲ್ಲ.

ಉತ್ತರ ಬೇಕಾದರೆ ಮೂರು ಪ್ರಶ್ನೆ ಕೇಳಬೇಕು. ಯಾವ ಕಣ? ಹಿಂದೆ ಎಷ್ಟಿತ್ತು? ಮನುಷ್ಯ ಹೇಗಿದ್ದಾನೆ?

ಮೊದಲ ಪ್ರಶ್ನೆ, ಯಾವ ಕಣ. ಕೌಂಟ್ ಜಾಸ್ತಿ ಆಗೋದು ಸೋಂಕಿನಿಂದ ಮಾತ್ರ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸೋಂಕು ಒಂದು ಕಾರಣ, ನಿಜ. ಆದರೆ ಬೀಡಿ ಸಿಗರೇಟು ಸೇದೋರಲ್ಲಿ ಕೌಂಟ್ ಸ್ವಲ್ಪ ಮೇಲೇ ಇರುತ್ತೆ. ಗರ್ಭಿಣಿಯರಲ್ಲಿ ಏರುತ್ತೆ. ಬೊಜ್ಜಿರೋರಲ್ಲಿ ಏರಬಹುದು. ಗುಲ್ಮ, ಅಂದ್ರೆ ಸ್ಪ್ಲೀನ್, ತೆಗೆಸಿಕೊಂಡವರಲ್ಲಿ ಏರಿರುತ್ತೆ. ಇಸಿನೋಫಿಲ್ ಒಂದೇ ಏರಿದ್ದರೆ ಅಲರ್ಜಿಯೋ ಹೊಟ್ಟೆಹುಳುವೋ ಇರಬಹುದು. ನಮ್ಮ ಹಳ್ಳಿಗಳಲ್ಲಿ 'ಇಸ್ನೋಫೀಲಿಯಾ' ಅಂತ ಎಲ್ಲರ ಬಾಯಲ್ಲೂ ಬರೋ ಪದ ಇದೇ. ಇನ್ನು ಸ್ಟೀರಾಯ್ಡ್. ನ್ಯೂಟ್ರೋಫಿಲ್‌ಗಳಲ್ಲಿ ಒಂದು ದೊಡ್ಡ ಪಾಲು ರಕ್ತನಾಳದ ಗೋಡೆಗೆ ಅಂಟಿಕೊಂಡು ಕೂತಿರುತ್ತೆ. ಸ್ಟೀರಾಯ್ಡ್ ಮಾತ್ರೆ ಹೊಟ್ಟೆಗೆ ಹೋದರೆ ಅವು ಕೈಬಿಟ್ಟು ಹರಿವಿಗೆ ಇಳಿಯುತ್ತವೆ. ಬಸ್‌ಸ್ಟ್ಯಾಂಡಿನ ಬೆಂಚಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರೆ ರಶ್ ಜಾಸ್ತಿ ಆದ ಹಾಗೆ ಕಾಣುತ್ತಲ್ಲ, ಹಾಗೆ. ಮೊದಲು ಹೇಳಿದ ಆ 14,000ದ ಗುಟ್ಟು ಇದು. ಒಂದು ಎಚ್ಚರಿಕೆ ಮಾತ್ರ ಇರಲಿ: ಸ್ಟೀರಾಯ್ಡ್ ಜ್ವರವನ್ನೂ ಮುಚ್ಚಿಡುತ್ತೆ. ಕೌಂಟ್ ಏರಿದ್ದಕ್ಕೆ ಸ್ಟೀರಾಯ್ಡೇ ಕಾರಣ ಅಂತ ತೀರ್ಮಾನಿಸೋದು ಡಾಕ್ಟರ ಕೆಲಸ, ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಕೌಂಟ್ ಇಳಿಯೋದಕ್ಕೆ ದಾರಿ ಎರಡು. ಅಣೆಕಟ್ಟಿನಲ್ಲೇ ನೀರಿಲ್ಲ, ಇಲ್ಲವೇ ದಾರಿಯಲ್ಲಿ ಯಾರೋ ತಡೀತಿದ್ದಾರೆ. ಕೀಮೋಥೆರಪಿ ಮಜ್ಜೆಯ ಕೆಲಸವನ್ನೇ ಸ್ವಲ್ಪ ದಿನ ನಿಲ್ಲಿಸುತ್ತೆ. ಬಿ12, ಫೋಲಿಕ್ ಆಸಿಡ್ ಕೊರತೆಯಾದರೂ ಮಜ್ಜೆ ಸೊರಗುತ್ತೆ. ಲೂಪಸ್‌ನಲ್ಲಿ ದೇಹವೇ ತನ್ನ ಕಣಗಳ ಮೇಲೆ ತಿರುಗಿ ಬೀಳುತ್ತೆ. ಕೌಂಟ್ 4,000ಕ್ಕಿಂತ ಕೆಳಗಿಳಿಯೋದು ಆ ಕಾಯಿಲೆಯನ್ನು ಗುರುತಿಸೋ ಲಕ್ಷಣಗಳಲ್ಲೇ ಒಂದು. ಲಿವರ್ ಗಟ್ಟಿಯಾಗಿ ಗುಲ್ಮ ಊದಿಕೊಂಡವರಲ್ಲಿ ಆ ಗುಲ್ಮವೇ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತೆ.

ಈಗ 4,200ರ ಒಗಟಿಗೆ ಬನ್ನಿ. ರಿಪೋರ್ಟಿನಲ್ಲಿ ಟೋಟಲ್ ಕೌಂಟ್ ಕೆಳಗೆ ಶೇಕಡಾವಾರು ಇರುತ್ತೆ. ಟೋಟಲ್ ಅನ್ನು ನ್ಯೂಟ್ರೋಫಿಲ್ ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿ. ಟೋಟಲ್ 4,200, ನ್ಯೂಟ್ರೋಫಿಲ್ ಶೇ. 10 ಇದ್ದರೆ ಬರೋದು 420. ಬೇರೊಬ್ಬರ ಟೋಟಲ್ 3,000, ನ್ಯೂಟ್ರೋಫಿಲ್ ಶೇ. 60. ಬರೋದು 1,800. ಡಾಕ್ಟರ್‌ಗಳು 'ಎಎನ್‌ಸಿ' ಅನ್ನೋದು ಇದನ್ನೇ. 1,500ಕ್ಕಿಂತ ಕಡಿಮೆಯಾದರೆ ನ್ಯೂಟ್ರೋಪೀನಿಯಾ ಅಂತಾರೆ. 500ಕ್ಕಿಂತ ಕಡಿಮೆಯಾದರೆ ತೀವ್ರ. ನೋಡಿ ಹೇಗಿದೆ: 3,000 ಇರೋರು ಬಹುಮಟ್ಟಿಗೆ ಸುರಕ್ಷಿತ, 'ನಾರ್ಮಲ್' ಟೋಟಲ್ ಇರೋರು ಬಾಗಿಲು ತೆರೆದಿಟ್ಟ ಮನೆಯಲ್ಲಿ ಮಲಗಿದ್ದಾರೆ. ಲಿಂಫೋಸೈಟ್ ಶೇ. 80 ಅಂತ ನೋಡಿ ಕೆಲವರು ಗಾಬರಿ ಆಗ್ತಾರೆ. ಎಷ್ಟೋ ಸಲ ಲಿಂಫೋಸೈಟ್ ಏರಿರೋದೇ ಇಲ್ಲ, ಪಕ್ಕದವರು ಎದ್ದು ಹೋದದ್ದರಿಂದ ಪಾಲು ಹೆಚ್ಚು ಕಾಣ್ತಿರುತ್ತೆ.

ಎರಡನೇ ಪ್ರಶ್ನೆ, ಹಿಂದೆ ಎಷ್ಟಿತ್ತು. ದಾವಣಗೆರೆಯಲ್ಲಿರೋ ನಮ್ಮ ದೊಡ್ಡಮ್ಮನಿಗೆ ಸಂಧಿವಾತ. ಹತ್ತು ವರ್ಷದಿಂದ ಮೆಥೊಟ್ರೆಕ್ಸೇಟ್ ಮಾತ್ರೆ. ಅವರ ಕೌಂಟ್ 3,600, 3,800, 3,500, ಹೀಗೇ ಬಂದಿದೆ. ಅವರ ಡಾಕ್ಟರ್ ಎಎನ್‌ಸಿ ಲೆಕ್ಕ ಹಾಕಿ, ಹಳೇ ಹಾಳೆಗಳನ್ನೆಲ್ಲ ಸಾಲಾಗಿ ಇಟ್ಟು, 'ಇದು ನಿಮ್ಮ ನಾರ್ಮಲ್ ಕಣಮ್ಮ' ಅಂದಿದ್ದಾರೆ. ಅದೇ, 9,000 ಇರ್ತಿದ್ದ ಒಬ್ಬರಿಗೆ ಒಂದೇ ತಿಂಗಳಲ್ಲಿ 4,100 ಆಯ್ತು ಅನ್ನಿ. ಲ್ಯಾಬ್ ಯಾವ ಗುರುತೂ ಹಾಕಲ್ಲ. ಆದರೆ ಕೇಳಬೇಕಾದ್ದು ಅದನ್ನೇ. ಹಾಗಾಗಿ ಹಳೇ ರಿಪೋರ್ಟ್ ಬಿಸಾಡಬೇಡಿ. ಆದಷ್ಟು ಒಂದೇ ಲ್ಯಾಬಿಗೆ, ಒಂದೇ ಹೊತ್ತಿಗೆ ಹೋಗಿ, ಯಾಕಂದ್ರೆ ಮಧ್ಯಾಹ್ನದ ಕೌಂಟ್ ಬೆಳಗಿನದಕ್ಕಿಂತ ಸಹಜವಾಗೇ ಸ್ವಲ್ಪ ಮೇಲಿರುತ್ತೆ. ಲ್ಯಾಬ್ ಬದಲಿಸಿದರೆ ಯೂನಿಟ್ ನೋಡಿ. ಒಬ್ಬರು 4,200 ಅಂತ ಬರೀತಾರೆ, ಇನ್ನೊಬ್ಬರು ಸಾವಿರದ ಲೆಕ್ಕದಲ್ಲಿ 4.2 ಅಂತ ಬರೀತಾರೆ. ಎರಡೂ ಒಂದೇ. 'ನಾಲ್ಕಕ್ಕೆ ಇಳಿದುಬಿಟ್ಟಿದೆ' ಅಂತ ಕಣ್ಣೀರು ಹಾಕಬೇಕಾಗಿಲ್ಲ.

ದೊಡ್ಡಮ್ಮನ ಮಾತ್ರೆ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಸಂಧಿವಾತಕ್ಕೆ ಕೊಡೋ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ನಮ್ಮಲ್ಲಿ ಮಾತ್ರೆ ಅಂದ್ರೆ 'ಬೆಳಗ್ಗೆ ಒಂದು ರಾತ್ರಿ ಒಂದು' ಅನ್ನೋ ಅಭ್ಯಾಸ. ಮನೆಯಲ್ಲಿ ಹೊಸಬರು ಯಾರೋ ಔಷಧಿ ಕೊಡ್ತಾರೆ, ಅಂಗಡಿಯವರು ಅವಸರದಲ್ಲಿ ಕವರ್ ಮೇಲೆ ತಪ್ಪು ಬರೀತಾರೆ. ವಾರದ ಮಾತ್ರೆ ದಿನದ ಮಾತ್ರೆ ಆಗುತ್ತೆ. ಮಜ್ಜೆ ಬತ್ತಿಹೋಗುತ್ತೆ. ಬಾಯಿ ತುಂಬಾ ಹುಣ್ಣು, ಆಮೇಲೆ ಜ್ವರ. ಇದರಿಂದ ಜೀವ ಹೋಗಿರೋದುಂಟು. ದೊಡ್ಡಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾರೆ. 'ಶನಿವಾರ ಹನುಮಪ್ಪಂದು, ಭಾನುವಾರ ಈ ಮಾತ್ರೆದು, ಮರೆಯೋ ಮಾತೇ ಇಲ್ಲಪ್ಪ' ಅಂತಾರೆ. ಇದಕ್ಕಿಂತ ಒಳ್ಳೇ ಸಾಫ್ಟ್‌ವೇರ್ ನನಗೆ ಗೊತ್ತಿಲ್ಲ. ಥೈರಾಯ್ಡ್ ಜಾಸ್ತಿ ಇರೋರಿಗೆ ಕೊಡೋ ಕಾರ್ಬಿಮಜೋಲ್ ಕೂಡ ಹೀಗೇ. ಬಹಳ ಅಪರೂಪಕ್ಕೆ ಕೆಲವರಲ್ಲಿ ಅದು ನ್ಯೂಟ್ರೋಫಿಲ್‌ಗಳನ್ನು ಸೊನ್ನೆಗೆ ಇಳಿಸುತ್ತೆ. ಆ ಮಾತ್ರೆ ತಗೊಳ್ತಿರೋರಿಗೆ ಗಂಟಲು ನೋವು ಮತ್ತು ಜ್ವರ ಬಂದರೆ ಅದು ನೆಗಡಿ ಅಂತ ಕೂರೋ ಹಾಗಿಲ್ಲ. ಮಾತ್ರೆ ನಿಲ್ಲಿಸಿ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ ಕೌಂಟ್ ಮಾಡಿಸಬೇಕು.

ಮೂರನೇ ಪ್ರಶ್ನೆ, ಮನುಷ್ಯ ಹೇಗಿದ್ದಾನೆ. ಇಡೀ ಲೇಖನದಲ್ಲಿ ಒಂದೇ ಪ್ಯಾರಾ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸ್ತೀರಿ ಅಂದ್ರೆ ಇದನ್ನು ಅಂಟಿಸಿ. ಕೀಮೋ ಆದ ಮೇಲೆ ಕೌಂಟ್ ಪಾತಾಳಕ್ಕೆ ಇಳಿಯೋದು ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ. ಅಷ್ಟೊತ್ತಿಗೆ ಬೆಂಗಳೂರಿನ ಕಿದ್ವಾಯಿಯಿಂದ ಡಿಸ್ಚಾರ್ಜ್ ಆಗಿ ರಾಯಚೂರಿನ ಮನೆಯಲ್ಲಿರ್ತಾರೆ. ರಾತ್ರಿ ಹನ್ನೊಂದಕ್ಕೆ ಮೈ ಬಿಸಿ. ಸೋಂಕಾದ ಜಾಗದಲ್ಲಿ ಕೀವು ಕಟ್ಟೋದು ನ್ಯೂಟ್ರೋಫಿಲ್‌ಗಳು ಸತ್ತು ಗುಡ್ಡೆಯಾಗೋದರಿಂದ. ನ್ಯೂಟ್ರೋಫಿಲ್ಲೇ ಇಲ್ಲದಿದ್ದಾಗ ಕೀವಿಲ್ಲ, ಊತವಿಲ್ಲ, ಎಕ್ಸ್‌ರೇ ಕೂಡ ಚೆನ್ನಾಗೇ ಕಾಣಬಹುದು. ಕಾಣೋ ಸೂಚನೆ ಜ್ವರ ಒಂದೇ. ಒಮ್ಮೆ 101 ಡಿಗ್ರಿ ಬಂದರೂ ಸರಿ, 100.4 ಡಿಗ್ರಿ ಒಂದು ಗಂಟೆ ನಿಂತರೂ ಸರಿ, ಅದು ತುರ್ತು ಪರಿಸ್ಥಿತಿ. 'ಒಂದು ಪ್ಯಾರಾಸಿಟಮಾಲ್ ನುಂಗಿಸಿ, ಬೆಳಗ್ಗೆ ನೋಡೋಣ' ಅನ್ನೋ ಮಾತು ಅವತ್ತು ಯಾರ ಬಾಯಲ್ಲೂ ಬರಬಾರದು. ಬೆಂಗಳೂರು ಬಸ್ಸಿಗೆ ಕಾಯಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಕ್ಯಾಶುವಾಲ್ಟಿಯಲ್ಲಿ ಮೊದಲ ವಾಕ್ಯವೇ ಇದಾಗಿರಲಿ: 'ಕೀಮೋ ಆಗಿ ಇಷ್ಟು ದಿನ ಆಗಿದೆ, ಈಗ ಜ್ವರ ಬಂದಿದೆ, ಕೌಂಟ್ ಕಡಿಮೆ ಇರಬಹುದು.' ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು ಅನ್ನೋದು ವೈದ್ಯಲೋಕ ಒಪ್ಪಿದ ಗುರಿ. ಚಿಕಿತ್ಸೆ ಕೊಡ್ತಿರೋ ಡಾಕ್ಟರಿಗೆ ದಾರಿಯಲ್ಲೇ ಫೋನ್ ಮಾಡಬಹುದು.

ಹಾಗಾದ್ರೆ ಕೌಂಟ್ ನಾರ್ಮಲ್ ಬಂದರೆ ಎಲ್ಲ ಮುಗೀತಾ? ಅದಕ್ಕೊಂದು ಕಥೆ ಇದೆ. 1845ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ, ಸತ್ತ ರೋಗಿಯೊಬ್ಬರ ರಕ್ತದಲ್ಲಿ ಬಿಳಿ ಕಣಗಳೇ ತುಂಬಿರೋದನ್ನು ನೋಡಿ 'ಬಿಳಿ ರಕ್ತ' ಅಂತ ಬರೆದ. ಎರಡು ವರ್ಷದ ನಂತರ ಅದಕ್ಕೆ ಲ್ಯುಕೀಮಿಯಾ ಅಂತ ಹೆಸರಿಟ್ಟ. ಅದರಲ್ಲಿ ನಿಧಾನಗತಿಯ ಒಂದು ಬಗೆ ಸಿಎಂಎಲ್. ರೋಗ ಪತ್ತೆಯಾಗುವಾಗ ಕೌಂಟ್ ಲಕ್ಷ ದಾಟಿರೋದೂ ಸಾಮಾನ್ಯ. 1960ರಲ್ಲಿ ಫಿಲಡೆಲ್ಫಿಯಾದ ಇಬ್ಬರು ವಿಜ್ಞಾನಿಗಳು ಈ ರೋಗಿಗಳ ಕಣಗಳಲ್ಲಿ ಮೊಟಕಾದ ಒಂದು ಕ್ರೋಮೋಸೋಮ್ ಕಂಡರು. ಅಲ್ಲಿಂದ ಹುಡುಕುತ್ತಾ ಹೋಗಿ 2001ರಲ್ಲಿ ಇಮಾಟಿನಿಬ್ ಅನ್ನೋ ಮಾತ್ರೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕೆಲವೇ ವರ್ಷದಲ್ಲಿ ಕೊಲ್ಲುತ್ತಿದ್ದ ಕ್ಯಾನ್ಸರ್, ಬಿಪಿ ಶುಗರ್ ಥರ ದಿನಾ ಮಾತ್ರೆ ನುಂಗಿ ಬಾಳಬಹುದಾದ ಕಾಯಿಲೆ ಆಯ್ತು. ಭಾರತದಲ್ಲಿ ನೊವಾರ್ಟಿಸ್ ಕಂಪನಿಯ ಆ ಮಾತ್ರೆಗೆ ಆಗ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗ್ತಿತ್ತು. ನಮ್ಮ ಕಂಪನಿಗಳ ಜನರಿಕ್ ಮಾತ್ರೆಗೆ ಆಗ ಸುಮಾರು 10 ಸಾವಿರ ಇತ್ತು. ಪೇಟೆಂಟ್ ಕೊಡಿ ಅಂತ ಕಂಪನಿ ಕೋರ್ಟಿಗೆ ಹೋಯ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ವಜಾ ಮಾಡಿತು. ಹಳೇ ಔಷಧದ ಹೊಸ ರೂಪಕ್ಕೆ, ಅದರ ಪರಿಣಾಮ ಹೆಚ್ಚಾಗಿದೆ ಅಂತ ತೋರಿಸದೆ ಪೇಟೆಂಟ್ ಕೊಡೋ ಹಾಗಿಲ್ಲ ಅನ್ನುತ್ತೆ ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮು. ಸಾವಿರಾರು ಮನೆಗಳ ಕೌಂಟ್ ಅವತ್ತು ಆ ಕಲಮಿನ ಮೇಲೆ ನಿಂತಿತ್ತು.

ಈ ಮಾತ್ರೆ ಶುರು ಮಾಡಿದ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಹೆಚ್ಚಿನವರ ಕೌಂಟ್ ನಾರ್ಮಲ್ ಆಗುತ್ತೆ. ಅಪಾಯ ಶುರುವಾಗೋದು ಅಲ್ಲೇ. 'ಕೌಂಟ್ ಸರಿಹೋಯ್ತಲ್ಲ, ಇನ್ಯಾಕೆ ಮಾತ್ರೆ?' ಅಂತ ಮನೆಯವರೇ ಕೇಳ್ತಾರೆ. ಕೌಂಟ್ ಸರಿಯಾದರೂ ಮಜ್ಜೆಯಲ್ಲಿ ಕೆಟ್ಟ ಕಣಗಳ ಬೇರು ಉಳಿದಿರುತ್ತೆ. ಅದನ್ನು ಅಳೆಯೋಕೆ ಬಿಸಿಆರ್-ಎಬಿಎಲ್ ಅನ್ನೋ ಬೇರೆಯದೇ ಪರೀಕ್ಷೆ ಇದೆ. ನಿಲ್ಲಿಸಬಹುದಾ, ಯಾವಾಗ ಅನ್ನೋದು ವರ್ಷಗಟ್ಟಲೆ ಆ ಪರೀಕ್ಷೆ ಚೆನ್ನಾಗಿ ಬಂದ ಮೇಲೆ ಡಾಕ್ಟರ್ ಮಾಡೋ ತೀರ್ಮಾನ. ಇದರ ಉಲ್ಟಾನೂ ಇದೆ. ಸಿಎಲ್‌ಎಲ್ ಅನ್ನೋ ಇನ್ನೊಂದು ನಿಧಾನದ ಲ್ಯುಕೀಮಿಯಾದಲ್ಲಿ ಕೌಂಟ್ 50,000 ಇದ್ದರೂ, ಬೇರೆ ತೊಂದರೆ ಇಲ್ಲದಿದ್ದರೆ, ಔಷಧಿ ಕೊಡದೆ ಕಾದು ನೋಡ್ತಾರೆ. ಹೆಚ್ಚಿದ್ದರೂ ಮಾತ್ರೆ ಬೇಡ, ನಾರ್ಮಲ್ ಇದ್ದರೂ ಮಾತ್ರೆ ಬೇಕು! ಕೌಂಟ್ ಒಂದನ್ನೇ ನೋಡೋರಿಗೆ ಇದು ಅರ್ಥವೇ ಆಗಲ್ಲ.

ಕೊನೆಗೆ ಎಲ್ಲರೂ ಕೇಳೋದು: ಏನು ತಿಂದರೆ ಕೌಂಟ್ ಏರುತ್ತೆ? ಬಿ12 ಅಥವಾ ಫೋಲಿಕ್ ಆಸಿಡ್ ಕೊರತೆಯಿಂದ ಇಳಿದಿದ್ದರೆ ಅದನ್ನು ತುಂಬಿದಾಗ ಏರುತ್ತೆ. ಕೀಮೋದಿಂದ, ಲೂಪಸ್‌ನಿಂದ, ಗುಲ್ಮದಿಂದ ಇಳಿದದ್ದನ್ನು ಬೀಟ್‌ರೂಟೂ ಏರಿಸಲ್ಲ, ದಾಳಿಂಬೆಯೂ ಏರಿಸಲ್ಲ. ಬೇಕಾದಾಗ ಮಜ್ಜೆಯನ್ನು ಎಬ್ಬಿಸೋಕೆ ಇಂಜೆಕ್ಷನ್ ಇದೆ, ಅದನ್ನು ಡಾಕ್ಟರ್ ಹೇಳ್ತಾರೆ. ಬಿಸಿಯಾಗಿ ಬೇಯಿಸಿದ ಮನೆ ಊಟ, ಸೋಪು ಹಾಕಿ ತೊಳೆದ ಕೈ, ನೆಗಡಿ ಇರೋ ನೆಂಟರಿಗೆ 'ಆಮೇಲೆ ಬನ್ನಿ' ಅನ್ನೋ ಧೈರ್ಯ, ಇಷ್ಟು ಮಾಡಿ. ಕೌಂಟ್ ಕಡಿಮೆ ಅಂತ ಗೊತ್ತಾದ ಮೇಲೂ ಮದುವೆ ಮನೆಯ ಜಾತ್ರೆಗೆ ಬರಲೇಬೇಕು ಅಂತ ಹಟ ಹಿಡಿಯೋ ಬಂಧುಗಳಿಗೆ ಈ ಲೇಖನ ಕಳಿಸಿ, ಬೈಗುಳ ನನಗಿರಲಿ.

ಫೈಲಿನ ಮೊದಲ ಪುಟದಲ್ಲಿ ಒಂದು ಹಾಳೆ ಇಡಿ. ಕಾಯಿಲೆಯ ಹೆಸರು, ತಗೊಳ್ತಿರೋ ಮಾತ್ರೆಗಳು, ಯಾವ ಮಾತ್ರೆ ಯಾವ ದಿನ, ಕೊನೆಯ ಕೀಮೋ ದಿನಾಂಕ, ಕಳೆದ ಆರು ಕೌಂಟ್, ಡಾಕ್ಟರ್ ಫೋನ್ ನಂಬರ್. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ, ಅದು ಕೆಲಸ ಮಾಡ್ತಿರಲಿ. ಆ ಹಾಳೆ ಎಲ್ಲಿದೆ, ಜ್ವರ ಬಂದರೆ ಏನು ಮಾಡಬೇಕು ಅನ್ನೋದು ಮನೆಯಲ್ಲಿ ರೋಗಿಗೊಬ್ಬರಿಗೆ ಗೊತ್ತಿದ್ದರೆ ಸಾಲದು. ರಾತ್ರಿ ಹನ್ನೊಂದಕ್ಕೆ ಮೈ ಸುಡ್ತಾ ಮಲಗಿರೋದು ಅವರೇ. ಎದ್ದು ಓಡಬೇಕಾದವರು ನೀವು.